ಸೆಲ್ಫ್ ಹೊಡೆಯುತ್ತದೆ, ಗಾಡಿ ಸ್ಟಾರ್ಟ್ ಆಗಲ್ಲ: ಇಸಿಎಂ ಮೇಲೆ ಗೂಬೆ ಕೂರಿಸುವ ಮುಂಚೆ

ಪ್ರಶ್ನೆ: ನಾನು ದಾವಣಗೆರೆಯವನು. ಅಪ್ಪ 2003ರಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರು ಇದೆ. ಎಂಪಿಎಫ್ಐ ಎಂಜಿನ್, 1,12,000 ಕಿ.ಮೀ. ಓಡಿದೆ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಚಿತ್ರದುರ್ಗದಿಂದ ವಾಪಸ್ ಬರುವಾಗ ಭರಮಸಾಗರ ದಾಟಿದ ಮೇಲೆ ಹೈವೇಯಲ್ಲೇ ನಿಂತುಹೋಯಿತು. ಮುಕ್ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್ ಆಯಿತು. ಆಮೇಲೆ ಇನ್ನೂ ಎರಡು ಸಲ ಹಾಗೇ ಆಯಿತು. ಈಗ ಹದಿನೈದು ದಿನದಿಂದ ಸ್ಟಾರ್ಟೇ ಆಗುತ್ತಿಲ್ಲ. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ. ಗ್ಯಾರೇಜಿನವರು ಬ್ಯಾಟರಿ, ಪ್ಲಗ್, ಪೆಟ್ರೋಲ್ ಫಿಲ್ಟರ್ ಬದಲಿಸಿದರು. ಈಗ ‘ಪ್ಲಗ್‌ಗೆ ಕರೆಂಟೂ ಇಲ್ಲ, ಇಂಜೆಕ್ಟರ್‌ನಿಂದ ಪೆಟ್ರೋಲೂ ಬರ್ತಿಲ್ಲ, ಸ್ಕ್ಯಾನರ್ರೂ ಕನೆಕ್ಟ್ ಆಗ್ತಿಲ್ಲ, ಅಂದರೆ ಇಸಿಎಂ (ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ’ ಅನ್ನುತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಇಸಿಎಂಗೇ 14,000 ರೂಪಾಯಿ ಕೇಳುತ್ತಿದ್ದಾರೆ. ಹಾಕಿಸಲೇ? ಮನೆಯಲ್ಲಿ ಗುಜರಿಗೆ ಹಾಕು ಅನ್ನುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ.

ಉತ್ತರ: ಆ 14,000 ರೂಪಾಯಿ ಸದ್ಯಕ್ಕೆ ಜೇಬಿನಲ್ಲೇ ಇರಲಿ. ಇಸಿಎಂ ಹೋಗಿರಲು ಸಾಧ್ಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲಿ ಏನು ಬೇಕಾದರೂ ಹೋಗಬಹುದು. ಆದರೆ ಗ್ಯಾರೇಜಿನವರು ಕೊಟ್ಟ ಮೂರು ಕಾರಣಗಳಲ್ಲಿ ಒಂದೂ ಅದನ್ನು ಸಾಬೀತು ಮಾಡುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಸುದ್ದಿ ಇರುವುದು ಗ್ಯಾರೇಜಿನ ಮಾತಿನಲ್ಲಲ್ಲ, ಭರಮಸಾಗರದ ಮಾತಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಹಳೇ ಸಾಧನ) ಕಾಲದ ಗಾಡಿಯಲ್ಲಿ ಪೆಟ್ರೋಲಿನ ದಾರಿ ಬೇರೆ, ಕರೆಂಟಿನ ದಾರಿ ಬೇರೆ ಇತ್ತು. ಒಂದು ಕೆಟ್ಟರೆ ಇನ್ನೊಂದು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಯಿತು. ಆಗ ಸಣ್ಣ ಕಾರುಗಳಿಗೂ ಎಂಪಿಎಫ್ಐ ಬಂತು. ಅಂದರೆ ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ ಒಂದೊಂದು ಇಂಜೆಕ್ಟರ್. ಅದನ್ನು ಯಾವಾಗ ತೆರೆಯಬೇಕು, ಪ್ಲಗ್‌ನಲ್ಲಿ ಯಾವಾಗ ಕಿಡಿ ಹಾರಬೇಕು ಅಂತ ಹೇಳುವುದಕ್ಕೆ ಒಂದು ಪೆಟ್ಟಿಗೆ. ಅದೇ ಇಸಿಎಂ.

ಆ ಪೆಟ್ಟಿಗೆ ಕೆಲಸ ಮಾಡುವ ರೀತಿ ನಮ್ಮೂರ ಬೆಣ್ಣೆ ದೋಸೆ ಹೋಟೆಲಿನ ಭಟ್ಟರ ಹಾಗೆ. ಟೋಕನ್ ಬಂದರೆ ಮಾತ್ರ ಹಿಟ್ಟು ಹುಯ್ಯುತ್ತಾರೆ, ಇಲ್ಲದಿದ್ದರೆ ಕಾವಲಿ ಮುಂದೆ ಸುಮ್ನೆ ನಿಂತಿರುತ್ತಾರೆ. ಇಲ್ಲಿ ಟೋಕನ್ ಕೊಡುವುದು ಕ್ರ್ಯಾಂಕ್ ಸೆನ್ಸರ್. ಎಂಜಿನ್ ಸುತ್ತುತ್ತಿದೆ, ಇಷ್ಟು ಸ್ಪೀಡಿನಲ್ಲಿ ಸುತ್ತುತ್ತಿದೆ, ಈ ಪಿಸ್ಟನ್ ಈಗ ಮೇಲೆ ಬಂತು ಅಂತ ಅದು ಹೇಳುತ್ತಲೇ ಇರಬೇಕು. ಕೆಲವು ಗಾಡಿಗಳಲ್ಲಿ ಈ ಸೆನ್ಸರ್ ಕ್ರ್ಯಾಂಕ್ ಪುಲ್ಲಿ ಹತ್ತಿರ ಇರುತ್ತದೆ, ಕೆಲವದರಲ್ಲಿ ಗೇರ್‌ಬಾಕ್ಸ್ ಸೇರುವ ಕಡೆ. ಇನ್ನು ಕೆಲವದರಲ್ಲಿ ಇದೇ ಕೆಲಸ ಮಾಡುವ ಸೆನ್ಸರ್ ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಒಳಗೇ ಕೂತಿರುತ್ತದೆ. ಅದರ ಸಿಗ್ನಲ್ ನಿಂತರೆ ಇಸಿಎಂ ಲೆಕ್ಕದಲ್ಲಿ ಎಂಜಿನ್ ನಿಂತಿದೆ. ನಿಂತ ಎಂಜಿನ್‌ಗೆ ಅದು ಕಿಡಿ ಕೊಡುವುದಿಲ್ಲ, ಪೆಟ್ರೋಲ್ ಬಿಡುವುದಿಲ್ಲ, ಪಂಪನ್ನೂ ಎರಡು ಮೂರು ಸೆಕೆಂಡಿನೊಳಗೆ ಆಫ್ ಮಾಡುತ್ತದೆ. ಆಕ್ಸಿಡೆಂಟ್ ಆಗಿ ಎಂಜಿನ್ ನಿಂತಾಗ ಪಂಪ್ ಪೆಟ್ರೋಲ್ ಸುರಿಯುತ್ತಾ ಇರಬಾರದಲ್ಲ, ಅದಕ್ಕೆ.

ಹೀಗಾಗಿ ಕಿಡಿ ಮಾತ್ರ ಇಲ್ಲದಿದ್ದರೆ ನಾನು ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ನೋಡುತ್ತೇನೆ. ಪೆಟ್ರೋಲ್ ಮಾತ್ರ ಇಲ್ಲದಿದ್ದರೆ ಪಂಪ್ ನೋಡುತ್ತೇನೆ. ಎರಡೂ ಒಟ್ಟಿಗೆ ಇಲ್ಲದಿದ್ದರೆ, ಎರಡಕ್ಕೂ ಮೇಲಿರುವುದನ್ನು ನೋಡಬೇಕು: ಇಸಿಎಂಗೆ ಹೋಗುವ ಕರೆಂಟು, ಅದರ ಅರ್ತ್, ಮೇನ್ ರಿಲೇ (ಆ ಕರೆಂಟನ್ನು ಹಾಯಿಸುವ ಸ್ವಿಚ್), ಕ್ರ್ಯಾಂಕ್ ಸೆನ್ಸರ್, ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗಲು ಬಿಡದ ಸಾಧನ) ಇದ್ದರೆ ಅದು. ಇಷ್ಟೂ ಸರಿ ಇದ್ದರೆ ಕೊನೆಗೆ ಇಸಿಎಂ. ನಿಮ್ಮ ಗ್ಯಾರೇಜಿನವರು ನಡುವಿನ ಐದೂ ಮೆಟ್ಟಿಲು ಬಿಟ್ಟು ನೇರ ಮೇಲಕ್ಕೆ ಹಾರಿದ್ದಾರೆ.

ಇನ್ನು ಸ್ಕ್ಯಾನರ್. ಭಾರತದಲ್ಲಿ ಕಾರುಗಳಿಗೆ ಒಬಿಡಿ (ಗಾಡಿ ತನ್ನ ತೊಂದರೆಯನ್ನು ತಾನೇ ಗುರುತಿಸಿ ಸ್ಕ್ಯಾನರ್‌ಗೆ ಹೇಳುವ ವ್ಯವಸ್ಥೆ) ಕಡ್ಡಾಯವಾದದ್ದು ಬಿಎಸ್-4 ಅನ್ನುವ ಹೊಗೆ ನಿಯಮದ ಜೊತೆ, 2010ರ ನಂತರ. 2003ರ ಗಾಡಿಯಲ್ಲಿ ಸ್ಕ್ಯಾನರ್ ಚುಚ್ಚುವ ಜಾಗ ಇದ್ದರೂ ಒಳಗಿನ ಭಾಷೆ ಕಂಪನಿಯ ಸ್ವಂತದ್ದಾಗಿರಬಹುದು. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಡಬ್ಬಿಗಳಿಗೆ ಆ ಭಾಷೆ ಬರುವುದಿಲ್ಲ. ಆ ಮಾಡೆಲ್‌ಗೆ ಸರಿಹೊಂದುವ ಸ್ಕ್ಯಾನರ್ರೇ ಹಾಕಿಯೂ ಕನೆಕ್ಟ್ ಆಗಲಿಲ್ಲ ಅಂದರೆ ಅದಕ್ಕೊಂದು ಅರ್ಥ ಇದೆ. ಆಗಲೂ ಮೊದಲ ಅನುಮಾನ ಇಸಿಎಂಗೆ ಕರೆಂಟ್ ಹೋಗುತ್ತಿಲ್ಲ ಅನ್ನುವುದೇ. ಊಟ ಸಿಗದವನು ಮಾತಾಡಲಿಲ್ಲ ಅಂತ ಮೂಗ ಅನ್ನುತ್ತೀರಾ?

ಈಗ ಭರಮಸಾಗರ. ಏಪ್ರಿಲ್ ಮಧ್ಯಾಹ್ನ, ಹೈವೇ ಓಟ, ಬಾನೆಟ್ ಒಳಗೆ ಕುಲುಮೆ. ಗಾಡಿ ನಿಂತಿತು, ತಣ್ಣಗಾಯಿತು, ಹೊರಟಿತು. ಬಿಸಿಗೆ ಕೈಕೊಟ್ಟು ತಂಪಿಗೆ ಸರಿಹೋಗುವ ಸಾಮಾನುಗಳು ಗಾಡಿಯಲ್ಲಿ ತುಂಬಾ ಇಲ್ಲ. ಸುಮಾರು ಕ್ರ್ಯಾಂಕ್ ಸೆನ್ಸರ್‌ಗಳ ಒಳಗೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸುತ್ತಿರುತ್ತದೆ. ವರ್ಷಗಟ್ಟಲೆ ಕಾದು, ತಣಿದು ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಬಿಸಿಯಾದಾಗ ಹಿಗ್ಗಿ ಬಾಯಿ ಬಿಡುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಮೇನ್ ರಿಲೇ ಒಳಗಿನ ಸೋಲ್ಡರ್ ಕೂಡ ಹೀಗೇ. ಇಗ್ನಿಷನ್ ಕಾಯಿಲ್ ಹೀಗೇ. ಸವೆದ ಪೆಟ್ರೋಲ್ ಪಂಪ್ ಮೋಟರ್ ಕೂಡ ಬಿಸಿಗೆ ಸೋತು, ಆರಿದ ಮೇಲೆ ತಿರುಗುವುದುಂಟು. ಈ ನಾಲ್ವರಲ್ಲಿ ಕಾಯಿಲ್ ಕೆಟ್ಟರೆ ಪೆಟ್ರೋಲ್ ಬರುತ್ತಿರುತ್ತದೆ, ಪಂಪ್ ಕೆಟ್ಟರೆ ಕಿಡಿ ಇರುತ್ತದೆ. ನಿಮಗೆ ಎರಡೂ ಇಲ್ಲ. ಆ ಮಾತು ನಿಜವೇ ಆಗಿದ್ದರೆ ಉಳಿದದ್ದು ಎರಡು: ಕ್ರ್ಯಾಂಕ್ ಸೆನ್ಸರ್ ಅಥವಾ ಮೇನ್ ರಿಲೇ. ಗಾಡಿ ಮುಟ್ಟದೆ ಹೇಳುತ್ತಿದ್ದೇನೆ, ಆದರೂ ನನ್ನ ಪಾಲಿನ ಬಾಜಿ ಈ ಎರಡರ ಮೇಲೆ.

ಈಗ ಪೂರ್ತಿ ಸ್ಟಾರ್ಟ್ ಆಗುತ್ತಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ನನಗಂತೂ ಅದು ಒಳ್ಳೆಯ ಸುದ್ದಿ. ಒಮ್ಮೆ ಬಂದು ಒಮ್ಮೆ ಹೋಗುವ ತೊಂದರೆಯನ್ನು ಗ್ಯಾರೇಜಿನಲ್ಲಿ ಹಿಡಿಯುವುದು ಬಲು ಕಷ್ಟ. ಗಾಡಿ ಅಲ್ಲಿಗೆ ಬರುವಷ್ಟರಲ್ಲಿ ತಣ್ಣಗಾಗಿ ಒಳ್ಳೆಯ ಹುಡುಗನ ಹಾಗೆ ನಿಂತಿರುತ್ತದೆ. ಪೂರ್ತಿ ಕೆಟ್ಟು ಕೂತದ್ದನ್ನು ಹಿಡಿಯಲು ಅರ್ಧ ದಿನ ಸಾಕು.

ಸ್ಪ್ಯಾನರ್ ಮುಟ್ಟುವ ಮುಂಚೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ದಾರಿಯಲ್ಲಿ ಸದ್ದಿಲ್ಲದ ಹೊತ್ತು, ಬೆಳಗಿನ ಜಾವ ಆದರೆ ಒಳ್ಳೆಯದು. ಒಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಿವಿ ಸೀಟಿನ ಹತ್ತಿರ ಇಡಲು ಹೇಳಿ. ನೀವು ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಮೀಟರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಬೇಕು. ಅದೇ ಹೊತ್ತಿಗೆ ಹಿಂದೆ ಟ್ಯಾಂಕ್ ಕಡೆಯಿಂದ ‘ಝೂಂ’ ಅಂತ ಎರಡು ಮೂರು ಸೆಕೆಂಡು ಸದ್ದು ಬಂದು ನಿಲ್ಲಬೇಕು. ದೀಪವೂ ಹತ್ತಲಿಲ್ಲ, ಸದ್ದೂ ಬರಲಿಲ್ಲ ಅಂದರೆ ಇಸಿಎಂಗೆ ಕರೆಂಟೇ ಹೋಗುತ್ತಿಲ್ಲ ಅಂತ ಹಿಡಿಯಿರಿ. ದೀಪದ ಬಲ್ಬೇ ಸುಟ್ಟಿರಬಹುದು, ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು. ದೀಪ ಹತ್ತಿ ಸದ್ದು ಬರಲಿಲ್ಲ ಅಂದರೆ ಪಂಪ್, ಅದರ ರಿಲೇ, ಅದರ ವೈರು. ದೀಪ ಹತ್ತಿತು, ಸದ್ದೂ ಬಂತು, ಆದರೆ ಸೆಲ್ಫ್ ಹೊಡೆದಾಗ ಕಿಡಿಯೂ ಇಲ್ಲ, ಇಂಜೆಕ್ಟರ್‌ನಿಂದ ಪೆಟ್ರೋಲೂ ಇಲ್ಲ ಅಂದರೆ ಇಸಿಎಂ ಬದುಕಿದೆ, ಬಹುಶಃ ಟೋಕನ್‌ಗಾಗಿ ಕಾಯುತ್ತಿದೆ. ನಿಮ್ಮ ಪತ್ರದಲ್ಲಿ ಈ ದೀಪದ ಬಗ್ಗೆ ಒಂದು ಮಾತು ಇದ್ದಿದ್ದರೆ ನನ್ನ ಉತ್ತರ ಅರ್ಧಕ್ಕೆ ಇಳಿಯುತ್ತಿತ್ತು.

ಆರ್‌ಪಿಎಂ ಮೀಟರ್ ಇರುವ ಗಾಡಿಯಾದರೆ ಸೆಲ್ಫ್ ಹೊಡೆಯುವಾಗ ಅದರ ಮುಳ್ಳು ನೋಡಿ. ಸುಮಾರು ಗಾಡಿಗಳಲ್ಲಿ ಅದು ಸ್ವಲ್ಪವಾದರೂ ಮೇಲೆದ್ದು ಅಲ್ಲಾಡುತ್ತದೆ. ಸೊನ್ನೆಯಲ್ಲೇ ಸತ್ತಂತೆ ಮಲಗಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲಿನ ಅನುಮಾನ ಜಾಸ್ತಿಯಾಗುತ್ತದೆ. ಆಗಿನ ಕಾಲದ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಈ ಮೀಟರೇ ಇರುತ್ತಿರಲಿಲ್ಲ. ಇಲ್ಲದಿದ್ದರೆ ಚಿಂತೆ ಬೇಡ.

ಇನ್ನೊಂದು ಮಾತು ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ ಅಂದಿರಿ. ಮೊದಲಿಗಿಂತ ಜೋರಾಗಿ, ಏಕನಾದದಲ್ಲಿ ‘ಗರ್ರ್’ ಅಂತ ಸುತ್ತುತ್ತಿದೆಯೇ? ಸರಿಯಾದ ಎಂಜಿನ್ ಕಂಪ್ರೆಷನ್‌ಗೆ ಸಿಕ್ಕಿ ‘ಹೂಂ-ಹೂಂ-ಹೂಂ’ ಅಂತ ಏರಿಳಿಯುತ್ತಾ ಸುತ್ತುತ್ತದೆ. ಏರಿಳಿತವೇ ಇಲ್ಲದಿದ್ದರೆ ಟೈಮಿಂಗ್ ಬೆಲ್ಟ್ (ಪಿಸ್ಟನ್‌ಗೂ ವಾಲ್ವ್‌ಗೂ ತಾಳ ಹೊಂದಿಸುವ ಬೆಲ್ಟ್) ಹರಿದಿರಬಹುದು. ನೋಡುವುದು ಸುಲಭ. ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು, ಒಬ್ಬರು ಅರೆಕ್ಷಣ ಸೆಲ್ಫ್ ಹೊಡೆಯುವಾಗ ಒಳಗೆ ಇಣುಕಿ. ವಾಲ್ವ್ ತೆರೆಯುವ ಕ್ಯಾಮ್ ಅಥವಾ ರಾಕರ್ ಅಲ್ಲಾಡುತ್ತಿರಬೇಕು. ಅಲ್ಲಾಡದಿದ್ದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಸಲ ಸೆಲ್ಫ್ ಹೊಡೆಯಬೇಡಿ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಹರಿದ ಮೇಲೆ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದುತ್ತದೆ. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದ ನಿಮ್ಮ ಗಾಡಿಯ ಕಥೆಗೆ ಇದು ಹೊಂದುವುದಿಲ್ಲ. ಹರಿದ ಬೆಲ್ಟ್ ತಾನಾಗಿ ಕೂಡಿಕೊಳ್ಳುವುದಿಲ್ಲವಲ್ಲ. ಆದರೂ ಒಂದು ನಿಮಿಷದ ಕೆಲಸ, ನೋಡಿಬಿಡಿ.

ಹೈವೇಯಲ್ಲಿ ನಿಂತಾಗ ಯಾರೋ ಬಂದು ‘ಏರ್ ಲಾಕ್ ಆಗಿದೆ, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ’ ಅಂದಿರಬೇಕು. ನನ್ನ ಊಹೆ, ಇಲ್ಲದಿದ್ದರೆ ಬಿಡಿ. ಅದು ಪಂಪ್ ಎಂಜಿನ್ ಪಕ್ಕದಲ್ಲೇ ಇದ್ದ ಕಾರ್ಬ್ಯುರೇಟರ್ ಗಾಡಿಗಳ ಮದ್ದು. ಆಗ ಅದು ಕೆಲಸವನ್ನೂ ಮಾಡುತ್ತಿತ್ತು. ನಿಮ್ಮ ಗಾಡಿಯ ಪಂಪ್ ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲಿ ಮುಳುಗಿದೆ. ಅಲ್ಲಿಂದ ಎರಡೂವರೆ, ಮೂರು ಕೆಜಿ ಪ್ರೆಷರ್‌ನಲ್ಲಿ ತಳ್ಳುತ್ತದೆ. ಅಷ್ಟು ಒತ್ತಡದಲ್ಲಿ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುವುದು ಅಪರೂಪ. ತಳ್ಳಿ ಸ್ಟಾರ್ಟ್ ಮಾಡುವುದೂ ಹಾಗೆಯೇ. ಸೆಲ್ಫ್ ಸುತ್ತಿಸುತ್ತಿರುವ ಎಂಜಿನ್ನನ್ನು ನಾಲ್ಕು ಜನ ಸೇರಿ ಸುತ್ತಿಸಿದರೆ ಹೊಸದೇನೂ ಆಗದು. ಬೆವರು ಬರುತ್ತದೆ ಅಷ್ಟೇ.

ಇನ್ನು ಮೀಟರ್ ಹಿಡಿಯುವ ಕೆಲಸ. ಇದನ್ನು ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ. ದಾವಣಗೆರೆಯಲ್ಲಿ ಅಂಥವರಿಗೆ ಬರ ಇಲ್ಲ. ಎಂಜಿನ್ ಕೆಲಸದವರು ಬೇರೆ, ವೈರಿಂಗ್ ಕೆಲಸದವರು ಬೇರೆ. ನಿಮ್ಮದು ಈಗ ವೈರಿಂಗ್‌ನವರ ಕೇಸು. ಮೊದಲು ಬ್ಯಾಟರಿ ತುದಿಯಲ್ಲಿ ಮೀಟರ್ ಇಟ್ಟು ಸೆಲ್ಫ್ ಹೊಡೆಯಲಿ. ಸುಮ್ಮನಿದ್ದಾಗ 12.6 ವೋಲ್ಟ್ ಇದ್ದದ್ದು ಸೆಲ್ಫ್ ಹೊಡೆಯುವಾಗ ಇಳಿಯುತ್ತದೆ, ಅದು ಸಹಜ. 9.6ಕ್ಕಿಂತ ಕೆಳಗೆ ಹೋದರೆ ಎಂಜಿನ್ ಸುತ್ತಿದರೂ ಇಸಿಎಂ ತಲೆ ತಿರುಗಿ ಬೀಳಬಹುದು. ಹೊಸ ಬ್ಯಾಟರಿ ಇದ್ದರೂ ಟರ್ಮಿನಲ್ ಕ್ಲಾಂಪ್ ಸಡಿಲ ಇದ್ದರೆ ಹೀಗಾಗುತ್ತದೆ. ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಒತ್ತಿ ಹಿಡಿಯಬೇಡಿ. ನಡುವೆ ಒಂದು ನಿಮಿಷ ಬಿಡಿ.

ಆಮೇಲೆ ಇಸಿಎಂನ ಕರೆಂಟು. ಇಲ್ಲಿ ಒಂದು ಮೋಸ ಇದೆ. ನಾನೂ ಹೊಸದರಲ್ಲಿ ಅದಕ್ಕೆ ಬಿದ್ದವನೇ. ಡಿಜಿಟಲ್ ಮಲ್ಟಿಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು. ವೈರಿನ ಒಳಗೆ ಇಪ್ಪತ್ತು ಎಳೆ ಕೊಳೆತು ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ನಾನು ‘ಕರೆಂಟ್ ಬರ್ತಿದೆ’ ಅಂತ ಮುಂದೆ ಹೋಗಿದ್ದೇನೆ, ಎರಡು ದಿನ ಬೇರೆ ಕಡೆ ಹುಡುಕಿದ್ದೇನೆ. ಅದೇ ಜಾಗದಲ್ಲಿ ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಇಟ್ಟಿದ್ದರೆ ಅದು ಸುಮಾರು ಎರಡು ಆಂಪಿಯರ್ ಎಳೆಯುತ್ತಿತ್ತು, ಕೊಳೆತ ವೈರಿನ ಬಣ್ಣ ಬಯಲಾಗುತ್ತಿತ್ತು. ಬಲ್ಬ್ ಜೋರಾಗಿ ಉರಿಯಬೇಕು. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ಕಳ್ಳ ಇದ್ದಾನೆ. ಆದರೆ ಈ ಬಲ್ಬನ್ನು ಮುಖ್ಯ ಕರೆಂಟ್ ಬರುವ ವೈರಿಗೂ ಅರ್ತ್ ವೈರಿಗೂ ಮಾತ್ರ ಇಡಬೇಕು, ಅದೂ ಇಸಿಎಂ ಕಪ್ಲರ್ (ವೈರುಗಳನ್ನು ಅದಕ್ಕೆ ಸೇರಿಸುವ ಕನೆಕ್ಟರ್) ಬಿಚ್ಚಿದ ಮೇಲೆ. ಸೆನ್ಸರ್ ವೈರಿಗೆ, ಇಂಜೆಕ್ಟರ್ ಕಂಟ್ರೋಲ್ ವೈರಿಗೆ ಇಟ್ಟರೆ ಇಸಿಎಂ ಒಳಗಿನ ಡ್ರೈವರ್ ಸರ್ಕ್ಯೂಟ್ ಸುಡಬಹುದು. ಆಗ ಗ್ಯಾರೇಜಿನವರ ಮಾತನ್ನು ನೀವೇ ನಿಜ ಮಾಡಿದಂತೆ.

ಅರ್ತ್ ಬಗ್ಗೆ ನಮ್ಮವರಿಗೆ ಅಸಡ್ಡೆ. ಇಸಿಎಂನ ಅರ್ತ್ ವೈರುಗಳು ಸಾಮಾನ್ಯವಾಗಿ ಎಂಜಿನ್ ಮೇಲೆ ಒಂದು ಸಣ್ಣ ಬೋಲ್ಟಿಗೆ ಸೇರಿರುತ್ತವೆ. ಎಂಜಿನ್ ಕೆಲಸ ಮಾಡಿದವರು ಅದನ್ನು ಕಟ್ಟಲು ಮರೆತಿರುತ್ತಾರೆ, ಇಲ್ಲವೇ ತುಕ್ಕಿನ ಮೇಲೇ ಬಿಗಿದಿರುತ್ತಾರೆ. ಬಿಚ್ಚಿ, ಉಪ್ಪು ಕಾಗದದಿಂದ ಉಜ್ಜಿ, ಮತ್ತೆ ಬಿಗಿಯಲಿ. ಖರ್ಚಿಲ್ಲದ ಕೆಲಸ. ಸೆಲ್ಫ್ ಹೊಡೆಯುವಾಗ ಎಂಜಿನ್ ಮೈಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಮೀಟರ್ ಇಟ್ಟರೆ ಅರ್ಧ ವೋಲ್ಟಿಗಿಂತ ಕಡಿಮೆ ತೋರಬೇಕು. ಜಾಸ್ತಿ ಇದ್ದರೆ ಎಂಜಿನ್ನಿನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ, ಬ್ಯಾಟರಿ ಕೇಬಲ್ ಎರಡನ್ನೂ ನೋಡಲಿ.

ಮೇನ್ ರಿಲೇಯನ್ನು ಪರೀಕ್ಷಿಸುವ ನಾಟಿ ವಿಧಾನ ನಿಮಗೂ ಗೊತ್ತಿರಬಹುದು. ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನ್‌ನದ್ದೋ ಫ್ಯಾನ್‌ನದ್ದೋ ಇದ್ದರೆ, ಕಿತ್ತು ಅದರ ಜಾಗಕ್ಕೆ ಹಾಕಿ ನೋಡುವುದು. ಕಾಲುಗಳ ಜೋಡಣೆ ಒಂದೇ ಇದೆಯಾ ಅಂತ ಮೇಲಿನ ಚಿತ್ರ ನೋಡಿ ಹಾಕಬೇಕು. ರಿಲೇಗೆ ನೂರರ ಲೆಕ್ಕ, ಸಾವಿರದ ಲೆಕ್ಕ ಅಲ್ಲ. ರಿಲೇ ಕೂರುವ ಸಾಕೆಟ್ಟಿನ ಒಳಗೂ ಇಣುಕಿ. ಒಂದು ಕಾಲಿನ ಸುತ್ತ ಪ್ಲಾಸ್ಟಿಕ್ ಕಂದಿದ್ದರೆ ಅಲ್ಲೇ ಬಿಸಿಯಾಗಿದೆ ಅಂತ ಅರ್ಥ.

ಕ್ರ್ಯಾಂಕ್ ಸೆನ್ಸರ್‌ಗೆ ಎರಡು ವೈರ್ ಇದ್ದರೆ ಅದು ಕಾಯಿಲ್ ತರಹದ್ದು. ಕಪ್ಲರ್ ಬಿಚ್ಚಿ ಓಮ್ಸ್‌ನಲ್ಲಿ ಅಳೆದರೆ ಕೆಲವು ನೂರರಿಂದ ಸಾವಿರ ಚಿಲ್ಲರೆ ಬರಬೇಕು. ಸರಿಯಾದ ಅಂಕಿ ಗಾಡಿಯಿಂದ ಗಾಡಿಗೆ ಬೇರೆ. ಏನೂ ತೋರಿಸಲಿಲ್ಲ ಅಂದರೆ ಒಳಗೆ ಹರಿದಿದೆ, ಅಲ್ಲಿಗೆ ಮುಗಿಯಿತು. ಓಮ್ಸ್ ಸರಿ ಬಂದರೂ ಪೂರ್ತಿ ನಂಬಬೇಡಿ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿನ ಆಸುಪಾಸಿನಲ್ಲೋ ಅದಕ್ಕಿಂತ ಜಾಸ್ತಿಯೋ ಹುಟ್ಟಬೇಕು. ಮೂರು ವೈರ್ ಇದ್ದರೆ ಅದು ಸಾಮಾನ್ಯವಾಗಿ ಬೇರೆ ಜಾತಿ. ಅದಕ್ಕೆ ಈ ಓಮ್ಸ್ ಪರೀಕ್ಷೆ ನಡೆಯುವುದಿಲ್ಲ. ಕರೆಂಟ್, ಅರ್ತ್, ಸಿಗ್ನಲ್ ಮೂರನ್ನೂ ಬೇರೆ ಬೇರೆ ನೋಡಬೇಕು. ಯಾವುದೇ ಇರಲಿ, ಒಮ್ಮೆ ಬಿಚ್ಚಿ ತುದಿ ನೋಡಿ. ಒಳಗೆ ಅಯಸ್ಕಾಂತ ಇರುವ ಸೆನ್ಸರ್ ಆದರೆ ವರ್ಷಾನುಗಟ್ಟಲೆ ಕಬ್ಬಿಣದ ಪುಡಿ ಎಳೆದುಕೊಂಡು ಗಡ್ಡ ಬಿಟ್ಟಿರುತ್ತದೆ. ಒರೆಸಿ ಹಾಕಿದ ಮಾತ್ರಕ್ಕೆ ಸ್ಟಾರ್ಟ್ ಆದ ಗಾಡಿಗಳನ್ನು ಕಂಡಿದ್ದೇನೆ.

ಕಿಡಿ ನೋಡುವ ರೀತಿಯನ್ನೂ ಕೇಳಿ. ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಬಾನೆಟ್‌ಗೆ ಚಟಪಟ ಹಾರಿಸುವ ಹಳೇ ಚಾಳಿ ಇಲ್ಲಿ ಬೇಡ. ಕೈಗೆ ಹೊಡೆಯುವುದು ಒಂದು ಕಡೆ. ಕಿಡಿಗೆ ಹತ್ತಿರದಲ್ಲಿ ದಾರಿ ಸಿಗದಿದ್ದರೆ ಅದು ಕಾಯಿಲ್ ಒಳಗೋ ಇಸಿಎಂ ಕಡೆಗೋ ದಾರಿ ಹುಡುಕುತ್ತದೆ. ಹಳೇ ಪ್ಲಗ್ ಒಂದನ್ನು ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಒಂದು ಕ್ಲಿಪ್ ವೈರಿನಲ್ಲಿ ಎಂಜಿನ್‌ಗೆ ಭದ್ರವಾಗಿ ಕಟ್ಟಿ, ದೂರ ನಿಂತು ನೋಡಿ. ಹತ್ತಿರದಲ್ಲಿ ಪೆಟ್ರೋಲ್ ಸೋರಿರಬಾರದು. ಪೆಟ್ರೋಲ್ ಪೈಪ್ ಬಿಚ್ಚುವ ಕೆಲಸ ಇದ್ದರೆ ಅದನ್ನು ಬೇರೆ ಹೊತ್ತಿನಲ್ಲಿ ಮಾಡಿ. ಮೂರು ಕೆಜಿ ಪ್ರೆಷರ್‌ನ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಚಿಮ್ಮಿದರೆ ಬೆಂಕಿಗೆ ಕಡ್ಡಿ ಗೀರಬೇಕಾಗಿಲ್ಲ.

ಈಗ ನಮ್ಮ ಕಡೆಯ ವಿಶೇಷ ಒಂದು: ಇಲಿ. ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳ ಮನೆಗೆ ಬರುವ ಕಾಲದಲ್ಲಿ ನನ್ನ ಗ್ಯಾರೇಜಿಗೂ ಸುಗ್ಗಿ. ಕಾಳಿನ ರಾಶಿ ಇರುವ ಕಡೆ ಇಲಿ, ಇಲಿ ಇರುವ ಕಡೆ ಬೆಚ್ಚಗಿನ ಬಾನೆಟ್. ಆನಗೋಡು ಕಡೆಯ ಒಬ್ಬ ರೈತರ ಗಾಡಿ ನಿಮ್ಮದರ ಹಾಗೇ ಸ್ಟಾರ್ಟ್ ಆಗುತ್ತಿರಲಿಲ್ಲ. ನಾನು ಜಾಣತನ ಮಾಡಿ ಟ್ಯಾಂಕ್ ಇಳಿಸಿ ಪಂಪ್ ತೆಗೆಸಿದೆ. ಪಂಪ್ ಚೆನ್ನಾಗಿತ್ತು. ಮಾರನೇ ದಿನ ನಮ್ಮ ಹುಡುಗ ಏರ್ ಫಿಲ್ಟರ್ ಡಬ್ಬಿ ಎತ್ತಿದರೆ ಅದರ ಕೆಳಗೆ ಹರಕು ಬಟ್ಟೆಯ ಗೂಡು, ಎರಡು ಹಿಡಿ ಜೋಳ, ಪಕ್ಕದಲ್ಲಿ ತುಂಡಾದ ಎರಡು ವೈರು. ಅವರ ಹತ್ತಿರ ಟ್ಯಾಂಕ್ ಇಳಿಸಿದ ಕೂಲಿ ತೆಗೆದುಕೊಳ್ಳಲಿಲ್ಲ. ತಪ್ಪು ನನ್ನದು ತಾನೇ. ನಿಮ್ಮ ಗಾಡಿ ಈಗ ಹದಿನೈದು ದಿನದಿಂದ ನಿಂತಿದೆ. ಎಂಜಿನ್ ಹಿಂಬದಿ, ಇಂಜೆಕ್ಟರ್ ಸಾಲು, ಬ್ಯಾಟರಿ ಕೆಳಗೆ ಟಾರ್ಚ್ ಹಾಕಿ ನೋಡಿ. ಮೂಲ ತೊಂದರೆ ಸೆನ್ಸರ್‌ನದ್ದೇ ಇದ್ದರೂ ಅದರ ಮೇಲೆ ಇಲಿಯೊಂದು ಕೈಚಳಕ ತೋರಿಸಿದ್ದರೆ ಸೆನ್ಸರ್ ಬದಲಿಸಿದ ಮೇಲೂ ಗಾಡಿ ಏಳುವುದಿಲ್ಲ.

ಇಲಿಯಷ್ಟೇ ಕಾಟ ಕೊಡುವ ಇನ್ನೊಂದು ಪ್ರಾಣಿ, ಹೊರಗೆ ಹಾಕಿಸಿದ ಅಲಾರ್ಮ್. ಆ ಕಾಲದಲ್ಲಿ ಸೆಂಟ್ರಲ್ ಲಾಕ್ ಜೊತೆ ಕಳ್ಳತನ ತಡೆಯುವ ಅಲಾರ್ಮನ್ನೂ ಸುಮಾರು ಜನ ಹಾಕಿಸುತ್ತಿದ್ದರು. ಅದಕ್ಕೊಂದು ಕಟ್ ರಿಲೇ ಇರುತ್ತದೆ. ಸ್ಟಿಯರಿಂಗ್ ಕೆಳಗೆ ಇಗ್ನಿಷನ್ ವೈರನ್ನೋ ಪಂಪ್ ವೈರನ್ನೋ ಕತ್ತರಿಸಿ, ಕೈಯಲ್ಲಿ ತಿರುಚಿ, ಕಪ್ಪು ಟೇಪ್ ಸುತ್ತಿರುತ್ತಾರೆ. ಇಪ್ಪತ್ತು ಬೇಸಿಗೆ ಕಂಡ ಆ ಟೇಪ್ ಅಂಟು ಬಿಟ್ಟು ಜಾರಿರುತ್ತದೆ. ಅಪ್ಪನವರು ಅಂಥದ್ದೇನಾದರೂ ಹಾಕಿಸಿದ್ದರಾ ಅಂತ ಕೇಳಿ ನೋಡಿ. ಹಾಕಿಸಿದ್ದರೆ ಮೊದಲು ಅದನ್ನು ಕಿತ್ತು, ಕತ್ತರಿಸಿದ ವೈರನ್ನು ಸೋಲ್ಡರ್ ಮಾಡಿ ಕೂಡಿಸಲಿ.

ಪೆಟ್ರೋಲ್ ಕಡೆಯ ಮಾತು ನಿಮ್ಮ ಕೇಸಿಗೆ ಎರಡನೇದು, ಆದರೂ ಬಿಡುವಂತಿಲ್ಲ. ಗಾಡಿಗೆ ಎಲ್‌ಪಿಜಿ ಕಿಟ್ ಇದೆಯೇ ಅಂತ ಬರೆದಿಲ್ಲ. ಇದ್ದರೆ ಪಂಪ್ ಮೇಲೂ ಕಣ್ಣಿಡಿ. ಟ್ಯಾಂಕಿನ ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದ. ಗ್ಯಾಸ್‌ನಲ್ಲೇ ಓಡಿಸುತ್ತಾ ಟ್ಯಾಂಕನ್ನು ಒಣಗಿಸಿಟ್ಟರೆ, ಕಿಟ್ ಅದನ್ನು ಪೂರ್ತಿ ನಿಲ್ಲಿಸದ ಗಾಡಿಗಳಲ್ಲಿ, ಪಂಪ್ ಒಣಗಿ ತಿರುಗಿ ಸುಟ್ಟುಹೋಗುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. 2003ರ ಗಾಡಿಯ ರಬ್ಬರ್ ಪೈಪು, ಸೀಲುಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ನೀರನ್ನು ಹೀರುತ್ತದೆ, ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದೂ ತಳದಿಂದಲೇ. ಹಾಗಾಗಿ ಗಾಡಿ ಎದ್ದ ಮೇಲೆ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಟ್ಯಾಂಕಿನ ಮೇಲಿನ, ಎಂಜಿನ್ ಹತ್ತಿರದ ರಬ್ಬರ್ ಪೈಪುಗಳನ್ನು ಒಮ್ಮೆ ಬದಲಿಸಿಬಿಡಿ. ಮತ್ತೆ, ನಗಬೇಡಿ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ? ಹಳೇ ಗಾಡಿಯ ಗೇಜ್ ಸುಳ್ಳು ಹೇಳುತ್ತದೆ. ಎರಡು ಲೀಟರ್ ತಂದು ಹಾಕುವ ಮುಂಚೆ ಅರ್ಧ ಎಂಜಿನ್ ಬಿಚ್ಚಿದವರನ್ನು ನೋಡಿದ್ದೇನೆ.

ಇಷ್ಟೂ ಆದ ಮೇಲೆ ಇಸಿಎಂ. ಅದು ಹೋಗುವುದೇ ಇಲ್ಲವೇ? ಹೋಗುತ್ತದೆ. ಮುಂದಿನ ಗಾಜಿನ ಕೆಳಗಿನ ನೀರಿನ ದಾರಿ ಕಸ ಕಟ್ಟಿ ಮಳೆನೀರು ಡ್ಯಾಶ್‌ಬೋರ್ಡ್ ಒಳಗೆ ಇಳಿದು ಹಾಳಾಗುತ್ತದೆ. ವಯಸ್ಸಾದ ಕೆಪಾಸಿಟರ್ ಸೋರಿ ಬೋರ್ಡನ್ನು ತಿನ್ನುತ್ತದೆ. ಬ್ಯಾಟರಿ ಉಲ್ಟಾ ಕಟ್ಟಿದರೂ ಹೋಗುತ್ತದೆ. ಹಾಗಾಗಿ ಡಬ್ಬಿ ಬಿಚ್ಚಿಸಿ ಕಣ್ಣಾರೆ ನೋಡಿ. ಹಸಿರು ಕಿಲುಬು, ಕಂದಿದ ಕಲೆ, ಮೀನಿನಂಥ ವಾಸನೆ ಇದ್ದರೆ ಅನುಮಾನಕ್ಕೆ ಆಧಾರ ಸಿಕ್ಕಿತು. ಕೆಪಾಸಿಟರ್ ಮಾತ್ರ ಹೋಗಿದ್ದರೆ ಎಲೆಕ್ಟ್ರಾನಿಕ್ಸ್ ರಿಪೇರಿಯವರು ಬದಲಿಸಿ ಕೊಡುತ್ತಾರೆ. ಇಲ್ಲದಿದ್ದರೆ ಗ್ಯಾರೇಜಿನವರಿಗೆ ಒಂದೇ ಪ್ರಶ್ನೆ ಕೇಳಿ: ‘ಇಸಿಎಂಗೆ ಕರೆಂಟ್, ಅರ್ತ್, ಕ್ರ್ಯಾಂಕ್ ಸಿಗ್ನಲ್ ಮೂರೂ ಬಂದು ಮುಟ್ಟುತ್ತಿರುವುದನ್ನು ಅದರ ಕಪ್ಲರ್ ಹತ್ತಿರವೇ ಅಳೆದು ನೋಡಿದ್ರಾ?’ ಮೂರೂ ಮುಟ್ಟಿ, ಇಂಜೆಕ್ಟರ್‌ಗೂ ಕಾಯಿಲ್‌ಗೂ ಏನೂ ಹೊರಗೆ ಬರುತ್ತಿಲ್ಲ ಅಂದರೆ ನಾನೂ ಅವರ ಪಕ್ಷ. ಜಗಳದ ದನಿಯಲ್ಲಿ ಕೇಳಬೇಡಿ. ಈ ಊರಿನಲ್ಲಿ ಹಳೇ ಗಾಡಿ ಮುಟ್ಟುವವರೇ ಕಡಿಮೆಯಾಗುತ್ತಿದ್ದಾರೆ, ಇದ್ದವರನ್ನು ದೂರ ಮಾಡಿಕೊಳ್ಳಬಾರದು.

ಕೊಳ್ಳುವುದೇ ಆದರೆ ಡಬ್ಬಿಯ ಮೇಲಿನ ಪಾ‌ರ್ಟ್ ನಂಬರ್ ಅಕ್ಷರ ಬಿಡದೆ ಹೊಂದಬೇಕು. ಅದೇ ಮಾಡೆಲ್ ಆದರೂ ಎರಡು ವರ್ಷ ಆಚೀಚೆ ಆದರೆ ಒಳಗೆ ಬೇರೆಯದೇ ಇರಬಹುದು. ಇಮ್ಮೊಬಿಲೈಸರ್ ಇರುವ ಗಾಡಿಯಾದರೆ ಸೆಕೆಂಡ್ ಹ್ಯಾಂಡ್ ಇಸಿಎಂ ನಿಮ್ಮ ಕೀಯನ್ನು ಗುರುತಿಸುವುದಿಲ್ಲ, ಆ ಕೆಲಸಕ್ಕೆ ಬೇರೆ ಖರ್ಚು. ಹಾಕಿ ಸ್ಟಾರ್ಟ್ ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಮತ್ತೆ, ಮೊದಲನೆಯದು ಸುಟ್ಟಿದ್ದು ವೈರ್ ಶಾರ್ಟ್ ಆಗಿಯೇ ಇದ್ದರೆ, ಆ ಶಾರ್ಟ್ ಹುಡುಕದೆ ಎರಡನೆಯದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಗುಜರಿಯ ಮಾತಿಗೆ ನಾನು ಅಡ್ಡ ಬರುವುದಿಲ್ಲ, ಅದು ಮನೆಯ ವಿಷಯ. ಇಷ್ಟು ಮಾತ್ರ ಹೇಳಬಲ್ಲೆ. 2003ರ ಗಾಡಿ ಅಂದರೆ ಹದಿನೈದು ವರ್ಷ ಮುಗಿದು, ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಆಗುವ ಲೆಕ್ಕದಲ್ಲಿ ಇದೆ. ರಿನ್ಯೂ ಚಾಲ್ತಿಯಲ್ಲಿದ್ದು, ತಳದ ತಗಡು ತುಕ್ಕು ಹಿಡಿಯದೆ ಗಟ್ಟಿಯಾಗಿದ್ದರೆ, ಒಂದು ಸೆನ್ಸರ್ರೋ ರಿಲೇಯೋ ಕೆಟ್ಟಿತು ಅಂತ ಗುಜರಿಗೆ ಹಾಕುವ ಸ್ಥಿತಿ ಅದರದ್ದಲ್ಲ. ತಳ ಕೊಳೆತಿದ್ದರೆ ಬೇರೆ ಮಾತು.

ಬೆಳಗಿನ ಆ ಪರೀಕ್ಷೆ ಮಾಡಿ ಬರೆಯಿರಿ. ದೀಪ ಹತ್ತಿತಾ, ಪಂಪ್ ಸದ್ದು ಬಂತಾ, ಅಲಾರ್ಮ್ ಅಥವಾ ಗ್ಯಾಸ್ ಕಿಟ್ ಇದೆಯಾ, ಕ್ರ್ಯಾಂಕ್ ಸೆನ್ಸರ್‌ಗೆ ಎರಡು ವೈರಾ ಮೂರಾ. ಇಷ್ಟು ಗೊತ್ತಾದರೆ ಎಲೆಕ್ಟ್ರಿಷಿಯನ್ ಮೊದಲು ಯಾವ ವೈರಿಗೆ ಮೀಟರ್ ಇಡಬೇಕು ಅನ್ನುವುದನ್ನು ಹೇಳುತ್ತೇನೆ.